ಆಫೀಸಿನಲ್ಲಿ ಒಂದು ದಿನದ ಹ್ಯಾಕಥಾನ್: ಮೂರು ವಾರ ಮೊದಲಿನಿಂದ ತಿಂಗಳ ನಂತರದವರೆಗೆ

ನಾನು ಹಿಂದೆ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಆಫೀಸಿನಲ್ಲಿ, ಸಪೋರ್ಟ್ ಟೀಮಿನ ಮೇಡಂ ಒಬ್ಬರ ಟೇಬಲ್ ಮೇಲೆ ಇನ್ನೂರು ಪುಟದ ಒಂದು ನೋಟ್‌ಬುಕ್ ಇರುತ್ತಿತ್ತು. ಆಫೀಸಿನ ದೂರು ಪಟ್ಟಿಗೆ ಟಿಕೆಟ್ ಹಾಕಿದರೂ ಯಾರೂ ಕೈಗೆತ್ತಿಕೊಳ್ಳದ ದೂರುಗಳನ್ನು ಅವರು ಅದರಲ್ಲಿ ಬರೆದಿಡುತ್ತಿದ್ದರು. ಒಂದೇ ದೂರು ಹನ್ನೊಂದು ಸಲ ಇತ್ತು. ಬಿಲ್ಲಿನ ಪಿಡಿಎಫ್‌ನಲ್ಲಿ ‘ಚಿಕ್ಕಬಳ್ಳಾಪುರ’ ಅನ್ನುವುದು ‘ಚಿಕ್‌ಕಬಳ್‌ಳಾಪುರ’ ಅಂತ ಬರುತ್ತಿತ್ತು.

ಹ್ಯಾಕಥಾನ್ ಅಂದರೆ ದಿನನಿತ್ಯದ ಕೆಲಸ ಬದಿಗಿಟ್ಟು, ಪುಟ್ಟ ತಂಡಗಳಾಗಿ ಕೂತು, ಒಂದೊಂದು ತೊಂದರೆಗೆ ಓಡುವಂಥ ಪರಿಹಾರ ಮಾಡಿ ತೋರಿಸುವ ದಿನ. ನಮ್ಮ ಎರಡನೇ ಹ್ಯಾಕಥಾನ್ ದಿನ ನಾಲ್ಕು ಜನ ಆ ದೂರನ್ನು ಎತ್ತಿಕೊಂಡರು. ಪಿಡಿಎಫ್ ಮಾಡುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಕ್ಷರಗಳನ್ನು ಸುಮ್ನೆ ಒಂದರ ಪಕ್ಕ ಒಂದು ಇಡುತ್ತಿತ್ತು, ಒತ್ತಕ್ಷರ ಕೂಡಿಸುತ್ತಿರಲಿಲ್ಲ. ಕ್ರೋಮ್ ಬ್ರೌಸರ್‌ಗೆ ಆ ಕೆಲಸ ಗೊತ್ತು. ಅದರೊಳಗಿರುವ ಹಾರ್ಫ್‌ಬಝ್ ಎಂಬ ಎಂಜಿನ್ ಒತ್ತು, ಗುಣಿತ ಎಲ್ಲವನ್ನೂ ಸರಿಯಾಗಿ ಜೋಡಿಸುತ್ತದೆ. ಬಿಲ್ಲನ್ನು ಎಚ್‌ಟಿಎಂಎಲ್ ಪುಟ ಮಾಡಿ, ಸರ್ವರ್‌ನಲ್ಲಿ ಕ್ರೋಮ್ ಓಡಿಸಿ ಅದರಿಂದಲೇ ಪಿಡಿಎಫ್ ತೆಗೆಸಿದರು. ಊಟದ ಹೊತ್ತಿಗೆ ಮೊದಲ ಬಿಲ್ ಬಂತು. ಮೇಡಂ ಪ್ರಿಂಟ್ ತೆಗೆದು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನೋಟ್‌ಬುಕ್ ತೆರೆದು ಹನ್ನೊಂದು ಕಡೆ ಗೀಟು ಎಳೆದರು.

ಅದಕ್ಕೂ ಹಿಂದಿನ ವರ್ಷ, ಮೊದಲ ಹ್ಯಾಕಥಾನ್‌ನಲ್ಲಿ ಇಂಥದ್ದೊಂದೂ ಆಗಿರಲಿಲ್ಲ. ಕೋಡ್ ಬರೆಯುವವರು ಅವರೇ, ಆಫೀಸೂ ಅದೇ. ಬದಲಾಗಿದ್ದು ಮುಂಚಿನ ತಯಾರಿ ಮತ್ತು ಆಮೇಲಿನ ಎರಡು ವಾರ. ಹಾಗಾಗಿ ಈ ಬರಹದ ಹೆಚ್ಚಿನ ಭಾಗವೂ ಅವೆರಡರ ಬಗ್ಗೆಯೇ ಇದೆ. ಲೆಕ್ಕಗಳನ್ನೆಲ್ಲ 24 ಜನರ ಟೀಮಿಗೆ ಹಾಕಿದ್ದೇನೆ. ನಿಮ್ಮಲ್ಲಿ 12 ಜನ ಇದ್ದರೆ ಅರ್ಧ ಮಾಡಿಕೊಳ್ಳಿ.

ಹೆಸರಿನ ಬಗ್ಗೆ ಒಂದು ಮಾತು. ‘ಹ್ಯಾಕ್’ ಅಂದ ಕೂಡಲೇ ಅಕೌಂಟ್ಸ್, ಎಚ್‌ಆರ್ ವಿಭಾಗದ ಕೆಲವರು ಬೆಚ್ಚುತ್ತಾರೆ. ಇಲ್ಲಿ ಕನ್ನ ಹಾಕುವ ಅರ್ಥ ಇಲ್ಲ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದ ಹತ್ತು ಜನ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದ್ದರು. ಗುಪ್ತಲಿಪಿ ಸಾಫ್ಟ್‌ವೇರ್ ಹೊರದೇಶಕ್ಕೆ ಕೊಡಲು ಅಮೆರಿಕದಲ್ಲಿ ಆಗ ಕಾನೂನಿನ ಅಡ್ಡಿ ಇತ್ತು, ಅದಕ್ಕೇ ಕೆನಡಾ. ‘ಹ್ಯಾಕಥಾನ್’ ಎಂಬ ಪದ ಚಾಲ್ತಿಗೆ ಬಂದಿದ್ದು ಆ ವರ್ಷವೇ. ಆಫೀಸಿನೊಳಗೆ ಇದನ್ನು ಅಭ್ಯಾಸ ಮಾಡಿಕೊಂಡ ಕಂಪನಿಗಳಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಮುಖ್ಯವಾದದ್ದು. 2005ರಲ್ಲಿ ಶುರು ಮಾಡಿ, ಇಪ್ಪತ್ನಾಲ್ಕು ಗಂಟೆಯಲ್ಲಿ ಏನಾದರೂ ಮಾಡಿ ತೋರಿಸಿ ಅಂದರು. ನಮಗೆ ಅಷ್ಟೂ ಬೇಡ, ಒಂದು ಹಗಲು ಸಾಕು.

ಮೊದಲ ಹೆಜ್ಜೆ: ಮ್ಯಾನೇಜರ್ ಹತ್ತಿರ ಮೂರು ಮಾತು ತೆಗೆದುಕೊಳ್ಳಿ

ಮೂರು ವಾರ ಮೊದಲು ನಿಮ್ಮ ಮ್ಯಾನೇಜರ್ ಜೊತೆ ಕೂತು ಮಾತಾಡಿ. ಮಾತಾಗಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.

ಮೊದಲನೆಯದು, ಇದು ಕೆಲಸದ ದಿನವೇ ಆಗಬೇಕು. ನಮ್ಮ ಮೊದಲ ಹ್ಯಾಕಥಾನ್ ಶನಿವಾರ ಇತ್ತು. ಮಗುವಿನ ಲಸಿಕೆ ಬಿಟ್ಟು ಬಂದವರಿದ್ದರು, ಊರಿಗೆ ಹೋಗುವ ಬಸ್ ಟಿಕೆಟ್ ಕ್ಯಾನ್ಸಲ್ ಮಾಡಿ ಬಂದವರಿದ್ದರು. ಹನ್ನೊಂದು ಗಂಟೆಗೇ ಎಲ್ಲರ ಕಣ್ಣು ಗಡಿಯಾರದ ಮೇಲೆ. ಜನರ ರಜೆ ಕಿತ್ತುಕೊಂಡು ಹುರುಪು ಕೇಳುವುದು ನ್ಯಾಯ ಅಲ್ಲ.

ಎರಡನೆಯದು, ಆ ದಿನ ಬೇರೆ ಮೀಟಿಂಗ್ ಇರಬಾರದು. ಬೆಳಗಿನ ಸ್ಟ್ಯಾಂಡ್‌ಅಪ್ (ದಿನಾ ಎಲ್ಲರೂ ಸೇರುವ ಚಿಕ್ಕ ಮೀಟಿಂಗ್) ಕೂಡ ಬೇಡ. ಸರ್ವರ್ ಬಿದ್ದರೆ ನೋಡಿಕೊಳ್ಳಲು ಇಬ್ಬರನ್ನು ಆನ್-ಕಾಲ್ ಇಡಿ. ಅವರು ಹ್ಯಾಕಥಾನ್ ತಂಡದಲ್ಲಿ ಇರುವುದು ಬೇಡ, ಪಾಪ, ಎರಡೂ ಕಡೆ ಅರ್ಧರ್ಧ ಆಗುತ್ತದೆ. ಮುಂದಿನ ಸಲ ಅವರಿಗೇ ಮೊದಲ ಅವಕಾಶ ಅಂತ ಈಗಲೇ ಹೇಳಿಬಿಡಿ.

ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹ್ಯಾಕಥಾನ್ ಮುಗಿದ ಮೇಲೆ, ಆಯ್ಕೆಯಾದ ಕೆಲಸವನ್ನು ಪೂರ್ತಿ ಮಾಡಲು ಕನಿಷ್ಠ ಒಂದು ತಂಡಕ್ಕೆ ಎರಡು ದಿನ ಸಮಯ ಕೊಡಬೇಕು. ಇದಕ್ಕೆ ಮ್ಯಾನೇಜರ್ ಒಪ್ಪದಿದ್ದರೆ ಹ್ಯಾಕಥಾನ್ ಮುಂದಕ್ಕೆ ಹಾಕುವುದೇ ವಾಸಿ.

ಎರಡನೇ ಹೆಜ್ಜೆ: ದಿನ ಗೊತ್ತು ಮಾಡಿ

ನನ್ನ ಆಯ್ಕೆ ಗುರುವಾರ. ಶುಕ್ರವಾರ ಟಿಪ್ಪಣಿ ಬರೆಯಲು, ಕೋಡ್ ಒಪ್ಪ ಮಾಡಲು ಸಿಗುತ್ತದೆ, ನೆನಪು ಇನ್ನೂ ಹಸಿಯಾಗಿರುತ್ತದೆ. ಸಾಫ್ಟ್‌ವೇರ್‌ನ ಹೊಸ ಆವೃತ್ತಿ ರಿಲೀಸ್ ಆಗುವ ವಾರ ಬೇಡ. ಹಬ್ಬದ ಹಿಂದಿನ ದಿನವಂತೂ ಬೇಡವೇ ಬೇಡ, ಗೌರಿ-ಗಣೇಶ, ದಸರಾ ಸಮಯದಲ್ಲಿ ಅರ್ಧ ಆಫೀಸು ಮೆಜೆಸ್ಟಿಕ್‌ನಲ್ಲಿರುತ್ತದೆ. ಅಕೌಂಟ್ಸ್‌ನವರೂ ಬರಬೇಕು ಅಂದರೆ ತಿಂಗಳ 11 ಮತ್ತು 20ನೇ ತಾರೀಖಿನ ಆಸುಪಾಸು ಬಿಡಿ. ತಿಂಗಳಿಗೊಮ್ಮೆ ಸಲ್ಲಿಸುವವರಿಗೆ ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್‌ನ ಕೊನೇ ದಿನಗಳು ಅವು. ಮಾರ್ಚ್ ತಿಂಗಳಿನಲ್ಲಿ ಅವರನ್ನು ಕರೆಯಲೇಬೇಡಿ.

ಮೂರನೇ ಹೆಜ್ಜೆ: ತೊಂದರೆಗಳನ್ನು ಕಲೆ ಹಾಕಿ

ಇಲ್ಲಿ ಆತುರ ಬೇಡ. ಹೆಚ್ಚಿನ ಹ್ಯಾಕಥಾನ್‌ಗಳಲ್ಲಿ ಬೆಳಗ್ಗೆ ಹತ್ತಕ್ಕೆ ಎಲ್ಲರನ್ನೂ ಕೂರಿಸಿ ‘ಐಡಿಯಾ ಹೇಳಿ’ ಅನ್ನುತ್ತಾರೆ. ಆಗ ಬರುವುದು ಎರಡೇ ಬಗೆ. ಯಾವುದೋ ಹೊಸ ಟೆಕ್ನಾಲಜಿ ಆಡಿ ನೋಡುವ ಆಸೆ ಒಂದು, ಯಾವುದಕ್ಕೂ ಒಂದು ಚಾಟ್‌ಬಾಟ್ ಇನ್ನೊಂದು. ಆಸೆ ತಪ್ಪಲ್ಲ. ಆದರೆ ಸಂಜೆ ಅದನ್ನು ಯಾರಿಗೆ ಕೊಡುತ್ತೀರಿ?

ಎರಡು ವಾರ ಮೊದಲೇ ನೀವೇ ಎದ್ದು ಹೋಗಿ. ಫಾರ್ಮ್ ಕಳಿಸಬೇಡಿ. ಸಪೋರ್ಟ್, ಅಕೌಂಟ್ಸ್, ಸೇಲ್ಸ್, ಆಫೀಸ್ ಅಡ್ಮಿನ್, ಪ್ರತಿಯೊಬ್ಬರ ಪಕ್ಕ ಅರ್ಧ ಗಂಟೆ ಕೂತು ಅವರು ಕೆಲಸ ಮಾಡುವುದನ್ನು ನೋಡಿ. ‘ನಿಮಗೇನು ತೊಂದರೆ?’ ಅಂದರೆ ‘ಏನಿಲ್ಲ ಸರ್, ಎಲ್ಲ ಚೆನ್ನಾಗಿದೆ’ ಅನ್ನುತ್ತಾರೆ. ಅದರ ಬದಲು ‘ಬೆಳಗ್ಗೆ ಬಂದ ತಕ್ಷಣ ಮೊದಲು ಏನು ಮಾಡ್ತೀರಿ, ತೋರಿಸಿ’ ಅನ್ನಿ. ಆಗ ಗೊತ್ತಾಗುತ್ತದೆ, ಒಂದು ಎಕ್ಸೆಲ್‌ನಿಂದ ಇನ್ನೊಂದು ಎಕ್ಸೆಲ್‌ಗೆ ದಿನಾ ನಲವತ್ತು ಸಾಲು ಕೈಯಲ್ಲಿ ನಕಲು ಮಾಡುತ್ತಾರೆ ಅಂತ. ಅವರಿಗೆ ಅದು ತೊಂದರೆ ಅಂತಲೇ ಅನ್ನಿಸಿರುವುದಿಲ್ಲ, ಅದೇ ಕೆಲಸ ಅಂದುಕೊಂಡಿರುತ್ತಾರೆ.

ಸಿಕ್ಕ ತೊಂದರೆ ಒಂದೊಂದಕ್ಕೂ ಒಂದು ಚೀಟಿ. ಅದರಲ್ಲಿ ನಾಲ್ಕೇ ಸಾಲು:

- ಯಾರಿಗೆ ತೊಂದರೆ?
- ಈಗ ಅವರು ಹೇಗೆ ನಿಭಾಯಿಸುತ್ತಿದ್ದಾರೆ?
- ವಾರಕ್ಕೆ ಎಷ್ಟು ಸಲ?
- ಸಂಜೆ ಐದಕ್ಕೆ ಏನು ತೋರಿಸಿದರೆ ‘ಸರಿಹೋಯ್ತು’ ಅನ್ನುತ್ತಾರೆ?

ಕೊನೆಯ ಸಾಲು ತುಂಬಲು ಆಗದಿದ್ದರೆ ಆ ಚೀಟಿ ಇನ್ನೂ ಹಣ್ಣಾಗಿಲ್ಲ ಅಂತ ಅರ್ಥ. ತೊಂದರೆಯನ್ನು ಒಂದು ದಿನದ ಅಳತೆಗೆ ಕತ್ತರಿಸಿಕೊಳ್ಳಬೇಕು. ಹೇಗೆ ಅನ್ನುವುದಕ್ಕೆ ನಮ್ಮದೇ ಒಂದು ಚೀಟಿ ಹೇಳುತ್ತೇನೆ.

‘ಕನ್ನಡ ಎಸ್‌ಎಂಎಸ್ ಖರ್ಚು ಜಾಸ್ತಿ ಬರುತ್ತಿದೆ, ಕಡಿಮೆ ಮಾಡಿ’ ಅಂತ ಬಂದಿತ್ತು. ಕಾರಣ ಇದು. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡ ಸೇರಿದ ಕೂಡಲೇ ಅದು ಎಲ್ಲ ಲಿಪಿಗಳಿಗೂ ಹೊಂದುವ ಯುನಿಕೋಡ್ ಆಗಿ 70ಕ್ಕೆ ಇಳಿಯುತ್ತದೆ. 70 ದಾಟಿದರೆ 67ರ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ದುಡ್ಡು. ಅದರ ಮೇಲೆ, ‘ಬೆಂಗಳೂರು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಎಂಟು. ಕೊಂಬು, ಏತ್ವ, ಸೊನ್ನೆ ಎಲ್ಲವೂ ಬೇರೆ ಬೇರೆ ಎಣಿಕೆ. ಇದನ್ನು ಒಂದೇ ದಿನದಲ್ಲಿ ಪೂರ್ತಿ ಬಗೆಹರಿಸಲು ಆಗುವುದಿಲ್ಲ. ಸಂದೇಶದ ಒಕ್ಕಣೆ ಬದಲಿಸಿದರೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಂತೆ ಡಿಎಲ್‌ಟಿಯಲ್ಲಿ (ಕಂಪನಿಗಳ ಎಸ್‌ಎಂಎಸ್ ನೋಂದಣಿ ವ್ಯವಸ್ಥೆ) ಹೊಸ ಟೆಂಪ್ಲೇಟ್, ಅಂದರೆ ಸಂದೇಶದ ಮಾದರಿ, ನೋಂದಣಿ ಆಗಬೇಕು, ಅದು ನಮ್ಮ ಕೈಯಲ್ಲಿಲ್ಲ. ಆದರೆ ಸಂದೇಶ ಟೈಪ್ ಮಾಡುವಾಗಲೇ ‘ಇದು ಮೂರು ತುಂಡಾಗುತ್ತದೆ, ಇನ್ನು 9 ಕಡಿಮೆ ಮಾಡಿದರೆ ಎರಡೇ’ ಅಂತ ತೋರಿಸುವ ಪುಟ್ಟ ಪರದೆ? ಅದು ಒಂದು ದಿನದ ಕೆಲಸ. ಚೀಟಿಯನ್ನು ಹಾಗೆ ತಿದ್ದಿ ಬರೆದೆವು. ಮಾರ್ಕೆಟಿಂಗ್‌ನವರು ಮರುವಾರದಿಂದಲೇ ಅದನ್ನು ತೆರೆದಿಟ್ಟುಕೊಂಡು ಬರೆಯತೊಡಗಿದರು.

24 ಜನರಿಗೆ ಹತ್ತು ಚೀಟಿ ಇದ್ದರೆ ಸಾಕು. ಒಂದು ವಾರ ಮೊದಲು ಎಲ್ಲವನ್ನೂ ಕಾಫಿ ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿ. ಜನ ಕಾಫಿ ಹಿಡಿದು ಓದುತ್ತಾರೆ, ಮಾತಾಡುತ್ತಾರೆ, ಅಲ್ಲೇ ಅರ್ಧ ತಂಡ ಕೂಡಿಬಿಡುತ್ತದೆ. ಯಾರಿಗಾದರೂ ತಮ್ಮದೇ ಐಡಿಯಾ ಇದ್ದರೆ ಅವರೂ ಅಂಟಿಸಲಿ, ಆದರೆ ನಾಲ್ಕು ಸಾಲು ತುಂಬಿಯೇ ಅಂಟಿಸಲಿ.

ನಾಲ್ಕನೇ ಹೆಜ್ಜೆ: ತಂಡ ಕಟ್ಟಿ

ನಾಲ್ವರ ಆರು ತಂಡ. ಐದು ಜನ ಆದರೆ ಒಬ್ಬರು ಬರೀ ನೋಡುತ್ತಾ ಕೂರುತ್ತಾರೆ, ಮೂವರಾದರೆ ಒಬ್ಬರಿಗೆ ಹುಷಾರಿಲ್ಲದಿದ್ದರೂ ತಂಡ ಕುಂಟುತ್ತದೆ.

ಚೀಟಿಯ ತೊಂದರೆ ಯಾರದೋ ಅವರು ತಂಡದಲ್ಲಿ ಇರಲೇಬೇಕು. ಕೋಡ್ ಬರೆಯಲು ಬಾರದಿದ್ದರೂ ಪರವಾಗಿಲ್ಲ. ಪಿಡಿಎಫ್ ತಂಡದಲ್ಲಿ ಆ ಸಪೋರ್ಟ್ ಮೇಡಂ ಕೂತಿದ್ದರು. ಒಬ್ಬ ಹುಡುಗ ‘ಸದ್ಯಕ್ಕೆ ಊರಿನ ಹೆಸರು ಮಾತ್ರ ಸರಿ ಮಾಡೋಣ’ ಅಂದ. ‘ಬೇಡಪ್ಪಾ, ವಸ್ತುವಿನ ಹೆಸರಲ್ಲೂ ಹೀಗೇ ಬರುತ್ತೆ, ಬೆಳ್ಳುಳ್ಳಿ ನೋಡು’ ಅಂತ ಅವರು ಹಳೇ ಬಿಲ್ ತೆಗೆದು ತೋರಿಸಿದರು. ಆ ಒಂದು ಮಾತಿಲ್ಲದಿದ್ದರೆ ಅರ್ಧ ಪರಿಹಾರವೇ ಆಗುತ್ತಿತ್ತು.

ತಂಡವನ್ನು ಪೂರ್ತಿ ಜನರಿಗೇ ಬಿಟ್ಟರೆ ಗೆಳೆಯರು ಗೆಳೆಯರ ಜೊತೆ ಸೇರುತ್ತಾರೆ, ಹೊಸದಾಗಿ ಸೇರಿದ ಫ್ರೆಶರ್‌ಗಳು ಗೋಡೆ ಪಕ್ಕ ನಿಲ್ಲುತ್ತಾರೆ. ಪ್ರತಿಯೊಬ್ಬರೂ ತಮಗಿಷ್ಟವಾದ ಮೂರು ಚೀಟಿ ಆರಿಸಿ ಹೇಳಲಿ, ಜೋಡಣೆ ನೀವು ಮಾಡಿ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಮನೆಯಿಂದ ಕೆಲಸ ಮಾಡುವವರಿದ್ದರೆ ಅಂಥ ಇಬ್ಬರನ್ನು ಒಂದೇ ತಂಡಕ್ಕೆ ಹಾಕಿ. ಒಬ್ಬರೇ ಇದ್ದರೆ ಕೋಣೆಯಲ್ಲಿ ನಡೆಯುವ ಮಾತು ಅವರ ಕಿವಿಗೆ ಬೀಳುವುದಿಲ್ಲ.

ಐದನೇ ಹೆಜ್ಜೆ: ಯಂತ್ರ, ಡೇಟಾ, ಕರೆಂಟು

ಗ್ರಾಹಕರ ನಿಜವಾದ ಹೆಸರು, ಫೋನ್ ನಂಬರ್, ವಿಳಾಸ ಹ್ಯಾಕಥಾನ್‌ಗೆ ಬೇಡ. ಭಾರತದಲ್ಲಿ 2023ರಿಂದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇದೆ. ಕಾಯ್ದೆ ಇಲ್ಲದಿದ್ದರೂ, ನಮ್ಮನ್ನು ನಂಬಿ ಕೊಟ್ಟ ನಂಬರು ಆರು ಜನರ ಲ್ಯಾಪ್‌ಟಾಪ್‌ನಲ್ಲಿ ಉಳಿದುಬಿಡುವುದು ಸರಿಯಲ್ಲ, ಅಲ್ವಾ? ಒಂದು ವಾರ ಮೊದಲು ಐನೂರು ಸಾಲಿನ ನಕಲಿ ಡೇಟಾ ಮಾಡಿಡಿ. ಅದು ಅಸಲಿಯಷ್ಟೇ ಕೊಳಕಾಗಿರಲಿ. ಅರ್ಧ ಕನ್ನಡ ಅರ್ಧ ಇಂಗ್ಲಿಷ್ ವಿಳಾಸ, ಖಾಲಿ ಪಿನ್‌ಕೋಡ್, ಒಂದೇ ಊರಿಗೆ ‘ಶಿವಮೊಗ್ಗ’ ಅಂತಲೂ ‘ಶಿಮೊಗ’ ಅಂತಲೂ ಇರಲಿ. ತೊಳೆದಿಟ್ಟಂಥ ಡೇಟಾದ ಮೇಲೆ ಓಡಿದ ಪ್ರೋಗ್ರಾಂ ಮರುದಿನ ಅಸಲಿ ಡೇಟಾದ ಮುಂದೆ ಬೀಳುತ್ತದೆ.

ಎಐ ಸಹಾಯಕರನ್ನು ಬಳಸಲು ಬಿಡಿ, ಈಗ ಎಲ್ಲರೂ ಬಳಸುತ್ತಾರೆ. ಪ್ರತಿ ತಂಡಕ್ಕೂ ಬೇರೆ ಕೀ (ಎಐ ಸೇವೆ ಬಳಸಲು ಬೇಕಾದ ಗುಪ್ತ ಸಂಕೇತ), ಪ್ರತಿ ಕೀಗೂ ಖರ್ಚಿನ ಮಿತಿ. ಒಂದೇ ಕೀ ಎಲ್ಲರಿಗೂ ಕೊಟ್ಟರೆ ಮಧ್ಯಾಹ್ನ ಮೂರಕ್ಕೆ ಮಿತಿ ಮುಗಿದು ಆರೂ ತಂಡ ಕೈಕಟ್ಟಿ ಕೂರಬೇಕಾಗುತ್ತದೆ. ಕೋಡ್ ಬೇಗ ಬರುತ್ತದೆ ಅಂತ ತೊಂದರೆಯನ್ನು ದೊಡ್ಡದು ಮಾಡಿಕೊಳ್ಳಬೇಡಿ. ಉಳಿದ ಸಮಯವನ್ನು ತೊಂದರೆಯವರ ಕೈಯಲ್ಲೇ ಪರೀಕ್ಷೆ ಮಾಡಿಸಲು ಬಳಸಿ.

ಇನ್‌ಸ್ಟಾಲ್, ಡೌನ್‌ಲೋಡ್ ಎಲ್ಲ ಹಿಂದಿನ ದಿನವೇ ಮುಗಿಯಲಿ. ತಲಾ 4 ಜಿಬಿ ಅಂದರೂ 24 ಜನಕ್ಕೆ 96 ಜಿಬಿ. 100 ಎಂಬಿಪಿಎಸ್ ವೇಗದ ಇಂಟರ್ನೆಟ್ ಲೈನಿನಲ್ಲಿ ಅದಕ್ಕೇ ಎರಡು ಗಂಟೆ ದಾಟುತ್ತದೆ. ಕರೆಂಟಿನ ಲೆಕ್ಕವೂ ಹಾಕಿ. 65 ವ್ಯಾಟಿನ ಚಾರ್ಜರ್ 24 ಇದ್ದರೆ 1,560 ವ್ಯಾಟ್. 6 ಆಂಪಿಯರ್‌ನ ಒಂದು ಪ್ಲಗ್ ತಡೆಯುವುದು 1,380. ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದನ್ನು ಸಿಕ್ಕಿಸದೆ, ಬೇರೆ ಬೇರೆ ಗೋಡೆಯಿಂದ ಎಳೆಸಿ. ಆಫೀಸ್ ಎಲೆಕ್ಟ್ರಿಷಿಯನ್‌ಗೆ ಹಿಂದಿನ ದಿನ ಒಮ್ಮೆ ತೋರಿಸಿದರೆ ನೆಮ್ಮದಿ.

ಆರನೇ ಹೆಜ್ಜೆ: ತಿಂಡಿ, ಊಟ

ಬೆಳಗ್ಗೆ ಇಡ್ಲಿ, ಖಾರಾಬಾತ್. ವಡೆ ಪಾರ್ಸೆಲ್‌ನಲ್ಲಿ ಮೆತ್ತಗಾಗುತ್ತದೆ, ಬಿಟ್ಟುಬಿಡಿ. ಮಧ್ಯಾಹ್ನ ಬಿಸಿಬೇಳೆಬಾತ್ ಹಾಕಿಸಿದ ವರ್ಷ ಎರಡೂವರೆಗೆ ಹಾಲ್ ಪೂರ್ತಿ ತೂಕಡಿಕೆ. ಚಪಾತಿ, ಪಲ್ಯ, ಸ್ವಲ್ಪ ಮೊಸರನ್ನ ಹಗುರ. ಗುರುವಾರ ಆದ್ದರಿಂದ ರಾಯರ ವಾರ ಮಾಡುವವರು ಇರುತ್ತಾರೆ, ಈರುಳ್ಳಿ-ಬೆಳ್ಳುಳ್ಳಿ ತಿನ್ನದವರು ಇರುತ್ತಾರೆ, ರಂಜಾನ್ ತಿಂಗಳಾದರೆ ಉಪವಾಸದವರು. ಮೊದಲೇ ಕೇಳಿಕೊಳ್ಳಿ. ನಾಲ್ಕು ಗಂಟೆಗೆ ಚುರುಮುರಿ, ಅಲ್ಲೇ ಕಲಸಿ ಕೊಡುವಂತಿರಲಿ. ಎದ್ದು ಬಂದು ತಿನ್ನುವ ಆ ಹತ್ತು ನಿಮಿಷದಲ್ಲಿ ಒಂದು ತಂಡದ ಸಿಕ್ಕು ಇನ್ನೊಂದು ತಂಡದವರು ಬಿಡಿಸಿದ್ದನ್ನು ನೋಡಿದ್ದೇನೆ.

ಏಳನೇ ಹೆಜ್ಜೆ: ಆ ದಿನ

9:00ಕ್ಕೆ ತಿಂಡಿ. 9:45ಕ್ಕೆ ಹತ್ತು ನಿಮಿಷ ಮಾತು, ಅಷ್ಟೇ. ಡೈರೆಕ್ಟರ್ ಭಾಷಣ ಇದ್ದರೆ ಸಂಜೆಗೆ ಇಡಿ. 10:00ಕ್ಕೆ ಕೆಲಸ ಶುರು.

ಮೊದಲ ಮುಕ್ಕಾಲು ಗಂಟೆ ಯಾರೂ ಕೋಡ್ ಮುಟ್ಟುವುದು ಬೇಡ. ತೊಂದರೆಯವರು ತಮ್ಮ ಕೆಲಸವನ್ನು ತಂಡದ ಎದುರು ಮಾಡಿ ತೋರಿಸಲಿ. 12:00ಕ್ಕೆ ನೀವು ಒಂದು ಸುತ್ತು ಹೋಗಿ, ಒಂದೇ ಪ್ರಶ್ನೆ ಕೇಳಿ: ‘ಏನಾದರೂ ಓಡುತ್ತಿದೆಯಾ?’ ಬಟನ್ ಒತ್ತಿದರೆ ಒಂದು ಸಾಲು ಬಂದರೂ ಸಾಕು. ಏನೂ ಓಡದಿದ್ದರೆ ಅವರ ಜೊತೆ ಕೂತು ಕೆಲಸ ಅರ್ಧಕ್ಕೆ ಇಳಿಸಿ. ಆ ಹೊತ್ತಿಗೆ ಇಳಿಸಿದರೆ ದಿನ ಉಳಿಯುತ್ತದೆ. ನಾಲ್ಕಕ್ಕೆ ಇಳಿಸಲು ಹೋದರೆ ಏನೂ ಉಳಿಯುವುದಿಲ್ಲ.

1:00ಕ್ಕೆ ಊಟ, ಲ್ಯಾಪ್‌ಟಾಪ್ ಮುಚ್ಚಿ. 3:30ರ ಮೇಲೆ ಹೊಸದೇನೂ ಸೇರಿಸುವಂತಿಲ್ಲ. 4:30ಕ್ಕೆ ಕೋಡ್ ನಿಲ್ಲಿಸಿ ಡೆಮೊ ತಾಲೀಮು. ಪ್ರತಿ ತಂಡವೂ ಡೆಮೊವನ್ನು ಒಮ್ಮೆ ವೀಡಿಯೊ ಮಾಡಿಟ್ಟುಕೊಳ್ಳಲಿ, ನೆಟ್ ಕೈಕೊಟ್ಟರೆ ಅದನ್ನೇ ತೋರಿಸಬಹುದು.

ರಾತ್ರಿ ಮುಂದುವರಿಸುವ ಮಾತೇ ಬೇಡ. ಆರಕ್ಕೆ ಮುಗಿಸಿ. ಮನೆಯಲ್ಲಿ ಕಾಯುವವರು ಇರುವ ಜನರೂ ಪೂರ್ತಿಯಾಗಿ ಪಾಲ್ಗೊಳ್ಳುವುದು ಹಗಲಿನ ಹ್ಯಾಕಥಾನ್‌ನಲ್ಲಿ ಮಾತ್ರ.

ಎಂಟನೇ ಹೆಜ್ಜೆ: ಡೆಮೊ ಮತ್ತು ತೀರ್ಪು

ತಂಡಕ್ಕೆ ನಾಲ್ಕು ನಿಮಿಷ ಡೆಮೊ, ಎರಡು ನಿಮಿಷ ಪ್ರಶ್ನೆ. ಆರು ತಂಡಕ್ಕೆ 36 ನಿಮಿಷ. ಸ್ಲೈಡ್ ಬೇಡ. ಮೊದಲು ಹಳೇ ರೀತಿ, ಆಮೇಲೆ ಹೊಸ ರೀತಿ. ಹೊಸದನ್ನು ತೊಂದರೆಯವರೇ ತಮ್ಮ ಕೈಯಾರೆ ಓಡಿಸಿ ತೋರಿಸಲಿ.

ಎಲ್ಲ ಡೆಮೊ ಒಂದೇ ಲ್ಯಾಪ್‌ಟಾಪ್‌ನಿಂದ ನಡೆಯಲಿ, ಪ್ರೊಜೆಕ್ಟರ್ ಕೇಬಲ್ ಹಿಂದಿನ ದಿನವೇ ಸಿಕ್ಕಿಸಿ ನೋಡಿ. ಮೊದಲ ವರ್ಷ ಒಂದು ಯುಎಸ್‌ಬಿ-ಸಿ ಅಡಾಪ್ಟರ್ ಇಲ್ಲದೆ ನಲವತ್ತು ನಿಮಿಷ ಹೋಯಿತು. ಕೊನೇ ಎರಡು ತಂಡದವರು ಕ್ಯಾಬ್‌ಗೆ ಹೊತ್ತಾಯಿತು ಅಂತ ತೋರಿಸದೆಯೇ ಹೊರಟರು. ದಿನವಿಡೀ ದುಡಿದ ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ತೀರ್ಪುಗಾರರು ಮೂವರು. ಒಬ್ಬರು ಸಪೋರ್ಟ್‌ನಿಂದ, ಒಬ್ಬರು ಹಿರಿಯ ಎಂಜಿನಿಯರ್, ಒಬ್ಬರು ಬೇರೆ ಟೀಮಿನವರು. ಹತ್ತಕ್ಕೆ ಅಂಕ: ಓಡುತ್ತದೆಯಾ ಎನ್ನುವುದಕ್ಕೆ 4, ಯಾರ ಹೊರೆ ಎಷ್ಟು ಇಳಿಯಿತು ಎನ್ನುವುದಕ್ಕೆ 4, ಎಲ್ಲರಿಗೂ ಅರ್ಥವಾಗುವಂತೆ ಹೇಳಿದ್ದಕ್ಕೆ 2. ಈ ಪಟ್ಟಿ ಚೀಟಿಗಳ ಜೊತೆಗೇ ಗೋಡೆ ಮೇಲಿರಲಿ.

ದೊಡ್ಡ ನಗದು ಬಹುಮಾನ ಇಡಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದುಡ್ಡು ಬಂದ ಕೂಡಲೇ ತಂಡಗಳು ಪರಸ್ಪರ ಸಹಾಯ ಮಾಡುವುದನ್ನು ನಿಲ್ಲಿಸುತ್ತವೆ. ಗೆದ್ದವರಿಗೆ ಕೆಲಸ ಮುಗಿಸಲು ಆ ಎರಡು ದಿನ ಬಿಡುವೇ ಬಹುಮಾನ. ಮೈಸೂರು ಪಾಕ್ ಎಲ್ಲರಿಗೂ.

ಒಂಬತ್ತನೇ ಹೆಜ್ಜೆ: ಮುಂದಿನ ಎರಡು ವಾರ

ಮೊದಲ ವರ್ಷ ಗೆದ್ದ ಪ್ರಾಜೆಕ್ಟು ಎಂಟು ತಿಂಗಳು ಕೋಡ್ ಇಡುವ ಗಿಟ್ ರೆಪೊಸಿಟರಿಯಲ್ಲಿ ಹಾಗೇ ಬಿದ್ದಿತ್ತು. ಅದನ್ನು ಮಾಡಿದವರಲ್ಲಿ ಇಬ್ಬರು ಎರಡನೇ ಸಲ ಹೆಸರೇ ಕೊಡಲಿಲ್ಲ. ಕೇಳಿದ್ದಕ್ಕೆ ‘ಯಾಕೆ ಸುಮ್ನೆ’ ಅಂದರು. ಅವರ ಮಾತು ನ್ಯಾಯವಾಗಿತ್ತು.

ಹಾಗಾಗಿ ಶುಕ್ರವಾರವೇ ಪ್ರತಿ ತಂಡ ಅರ್ಧ ಪುಟ ಬರೆಯಲಿ: ಏನು ಓಡುತ್ತದೆ, ಏನು ತಾತ್ಕಾಲಿಕವಾಗಿ ತೇಪೆ ಹಾಕಿದ್ದು, ಪಾಸ್‌ವರ್ಡ್ ಅಥವಾ ಕೀ ಎಲ್ಲಾದರೂ ಕೋಡ್‌ನಲ್ಲಿ ಉಳಿದಿದೆಯಾ, ಪೂರ್ತಿ ಮಾಡಲು ಎಷ್ಟು ದಿನ ಬೇಕು. ತಾತ್ಕಾಲಿಕ ಕೀಗಳನ್ನೆಲ್ಲ ಅವತ್ತೇ ರದ್ದು ಮಾಡಿ.

ಮುಂದಿನ ಬುಧವಾರ ಮ್ಯಾನೇಜರ್ ಜೊತೆ ಒಂದು ಗಂಟೆ ಕೂತು ಆರೂ ಕೆಲಸಕ್ಕೆ ಉತ್ತರ ಕೊಡಿಸಿ. ಉತ್ತರ ಮೂರೇ ಬಗೆ: ಮುಂದುವರಿಸುತ್ತೇವೆ, ಇಂಥ ತಿಂಗಳಲ್ಲಿ ಮತ್ತೆ ನೋಡುತ್ತೇವೆ, ಬಿಡುತ್ತೇವೆ. ಮುಂದುವರಿಸುವುದಾದರೆ ಯಾರು, ಯಾವ ತಾರೀಖಿಗೆ ಅಂತ ಹೆಸರು ಸಮೇತ ಬರೆಯಿರಿ. ಬಿಡುವುದಾದರೆ ಕಾರಣವನ್ನು ತಂಡಕ್ಕೆ ಎದುರಿಗೇ ಕೂತು ಹೇಳಿ. ಬೇಡ ಅಂದರೂ ಜನ ತಡೆದುಕೊಳ್ಳುತ್ತಾರೆ, ಏನೂ ಹೇಳದೆ ಬಿಟ್ಟರೆ ಮನಸ್ಸು ಮುರಿಯುತ್ತದೆ.

ಪಿಡಿಎಫ್ ಕೆಲಸಕ್ಕೆ ಆ ಎರಡು ದಿನ ಸಿಕ್ಕಿತು. ಒಂದೇ ಸಲಕ್ಕೆ ಸಾವಿರ ಬಿಲ್ ತೆಗೆದರೆ ಸರ್ವರ್ ಏದುಸಿರು ಬಿಡುತ್ತಿತ್ತು, ಅದನ್ನು ಸರಿ ಮಾಡಿದರು. ನೋಟೊ ಸಾನ್ಸ್ ಕನ್ನಡ ಫಾಂಟ್ ಸರ್ವರ್ ಮೇಲೂ ಹಾಕಿದರು. ಎರಡನೇ ವಾರದ ಕೊನೆಗೆ ಅಸಲಿ ಗ್ರಾಹಕರಿಗೆ ಹೊಸ ಬಿಲ್ ಹೋಗತೊಡಗಿತು.

ತಿಂಗಳಾದ ಮೇಲೆ ಮತ್ತೊಮ್ಮೆ ತೊಂದರೆಯವರ ಟೇಬಲ್ ಹತ್ತಿರ ಹೋಗಿ, ‘ಬೆಳಗ್ಗೆ ಬಂದ ತಕ್ಷಣ ಏನು ಮಾಡ್ತೀರಿ, ತೋರಿಸಿ’ ಅನ್ನಿ. ನಾನು ಹೋದಾಗ ಮೇಡಂ ನೋಟ್‌ಬುಕ್ ನನ್ನ ಕಡೆ ತಿರುಗಿಸಿದರು. ಹೊಸ ಪುಟದಲ್ಲಿ ಮೂರು ದೂರು ಆಗಲೇ ಬರೆದಿದ್ದರು. ಪಕ್ಕದಲ್ಲಿ, ನಮ್ಮ ಚೀಟಿಯ ಹಾಗೇ, ವಾರಕ್ಕೆ ಎಷ್ಟು ಸಲ ಅನ್ನುವ ಲೆಕ್ಕವೂ ಇತ್ತು.